ಯಾರ ಮನೆಮಾತೂ ಅಲ್ಲದ ಭಾಷೆಯ ವ್ಯಾಕರಣ

ಕ್ಲಿಂಗನ್ ಭೂಮಿಯ ಮೇಲಿನ ಯಾವ ಊರಿನ ಭಾಷೆಯೂ ಅಲ್ಲ. ‘ಸ್ಟಾರ್ ಟ್ರೆಕ್’ ಎಂಬ ಅಮೆರಿಕದ ಟಿವಿ ಸರಣಿ ಮತ್ತು ಸಿನಿಮಾಗಳಲ್ಲಿ ಬೇರೆ ಗ್ರಹದ ಯೋಧ ಜನಾಂಗವೊಂದು ಬರುತ್ತದೆ. ಅವರು ಆಡುವ ಮಾತು ಇದು. ಆ ಗ್ರಹವೂ ಇಲ್ಲ, ಆ ಜನರೂ ಇಲ್ಲ. ಆದರೆ ಭಾಷೆಗೆ ನಿಘಂಟು ಇದೆ, ವ್ಯಾಕರಣ ಇದೆ, ಕಲಿತವರಿಗೆ ಪರೀಕ್ಷೆಯೂ ಇದೆ.

ಕಾಮರ್ಸ್ ಓದುವವರಿಗೆ ಇದೆಲ್ಲ ಯಾಕೆ ಎಂದು ಕೇಳಬಹುದು. ನಮ್ಮ ಕಾಲೇಜಿನಲ್ಲಿ ತುಂಬಾ ಜನರ ಮನೆಮಾತು ಉರ್ದು. ಅಕೌಂಟೆನ್ಸಿ ಓದುವುದು ಇಂಗ್ಲಿಷಿನಲ್ಲಿ. ಬಸ್ಸು, ಬ್ಯಾಂಕು, ಅಂಗಡಿ ನಡೆಯುವುದು ಕನ್ನಡದಲ್ಲಿ. ಮೂರು ಭಾಷೆ ದಿನವೂ ಬಳಸುವ ನಾವು, ಸ್ಟೇಜಿನ ಮೇಲೆ ಎರಡು ಮಾತು ಕನ್ನಡದಲ್ಲಿ ಹೇಳು ಎಂದರೆ ‘ನಮಗೆ ಗ್ರಾಮರ್ ಬರಲ್ಲ, ಭಯ ಆಗುತ್ತೆ’ ಎನ್ನುತ್ತೇವೆ. ಈ ರಜೆಯಲ್ಲಿ ನಾನು ಕ್ಲಿಂಗನ್ ವ್ಯಾಕರಣ ಓದಿದೆ. ಅದರ ಒಂದೊಂದು ನಿಯಮ ಬಂದಾಗಲೂ ‘ಇದು ಕನ್ನಡದಲ್ಲಿ ಇದೆಯಲ್ಲ’ ಅಥವಾ ‘ಇದು ಉರ್ದುವಿನಲ್ಲಿ ಇದೆಯಲ್ಲ’ ಅನ್ನಿಸಿತು. ವ್ಯಾಕರಣ ನಮಗೆ ಬರುತ್ತದೆ, ಬರುತ್ತದೆ ಎಂಬುದು ಮಾತ್ರ ಗೊತ್ತಿಲ್ಲ ಎಂದು ಆಗ ತಿಳಿಯಿತು. ಅದನ್ನು ತೋರಿಸುವುದಕ್ಕೇ ಈ ಪಾಠ.

ಹುಟ್ಟಿದ ಬಗೆ

ಸ್ಟಾರ್ ಟ್ರೆಕ್ ಸರಣಿ ಶುರುವಾದದ್ದು 1966ರಲ್ಲಿ. ಕ್ಲಿಂಗನ್ನರು ಅದರಲ್ಲಿ ಮೊದಲು ಕಾಣಿಸಿಕೊಂಡದ್ದು 1967ರಲ್ಲಿ. ಆಗ ಅವರು ಇಂಗ್ಲಿಷನ್ನೇ ಆಡುತ್ತಿದ್ದರು. 1979ರ ಸಿನಿಮಾದಲ್ಲಿ ಮೊದಲ ಸಲ ಅವರ ಬಾಯಲ್ಲಿ ಕೆಲವು ಒರಟು ಶಬ್ದಗಳು ಬಂದವು. ಅವನ್ನು ಕಟ್ಟಿಕೊಟ್ಟವರು ಅದೇ ಸರಣಿಯ ನಟ ಜೇಮ್ಸ್ ಡೂಹನ್. 1984ರ ‘ದ ಸರ್ಚ್ ಫಾರ್ ಸ್ಪಾಕ್’ ಸಿನಿಮಾಕ್ಕೆ ಪೂರ್ತಿ ಭಾಷೆಯೇ ಬೇಕಾಯಿತು. ಆ ಕೆಲಸ ಬಂದದ್ದು ಮಾರ್ಕ್ ಓಕ್ರಾಂಡ್ ಎಂಬ ಭಾಷಾವಿಜ್ಞಾನಿಗೆ. ಕಿವಿ ಕೇಳದವರಿಗಾಗಿ ಟಿವಿ ಪರದೆಯ ಕೆಳಗೆ ಮಾತು ಬರೆದು ತೋರಿಸುವ ಸಂಸ್ಥೆಯಲ್ಲಿ ಅವರಿಗೆ ಉದ್ಯೋಗ. 1979ರ ಆ ನಾಲ್ಕಾರು ಶಬ್ದಗಳನ್ನು ಅವರು ಬಿಸಾಡಲಿಲ್ಲ. ಅವು ಹೊಂದುವ ಹಾಗೆಯೇ ವ್ಯಾಕರಣ ಕಟ್ಟಿದರು. 1985ರಲ್ಲಿ ‘ದ ಕ್ಲಿಂಗನ್ ಡಿಕ್ಷನರಿ’ ಹೊರಬಂತು, 1992ರಲ್ಲಿ ಅದರ ವಿಸ್ತರಿಸಿದ ಆವೃತ್ತಿ ಬಂತು. ಅದೇ 1992ರಲ್ಲಿ ಅಮೆರಿಕದಲ್ಲಿ ಕ್ಲಿಂಗನ್ ಲ್ಯಾಂಗ್ವೇಜ್ ಇನ್‌ಸ್ಟಿಟ್ಯೂಟ್ ಶುರುವಾಯಿತು. 2018ರಲ್ಲಿ ಡ್ಯುವೊಲಿಂಗೊ ಆ್ಯಪ್ ಕೂಡ ಕ್ಲಿಂಗನ್ ಪಾಠ ಸೇರಿಸಿತು.

ಬೇರೆ ಗ್ರಹದ ಭಾಷೆ ಎಂದ ಮೇಲೆ ಇಂಗ್ಲಿಷಿನ ಹಾಗೆ ಕೇಳಿಸಬಾರದು. ಆದರೆ ಅದನ್ನು ಆಡಬೇಕಾದವರು ಮನುಷ್ಯ ನಟರು. ಅದಕ್ಕೆ ಓಕ್ರಾಂಡ್ ಒಂದು ಉಪಾಯ ಮಾಡಿದರು. ಧ್ವನಿಗಳೂ ನಿಯಮಗಳೂ ಭೂಮಿಯ ಭಾಷೆಗಳಲ್ಲಿ ಎಲ್ಲಾದರೂ ಇರುವಂಥವೇ. ಆದರೆ ಒಂದೇ ಭಾಷೆಯಲ್ಲಿ ಒಟ್ಟಿಗೆ ಸಿಗದವುಗಳನ್ನು ಆರಿಸಿ ಒಂದೆಡೆ ಸೇರಿಸಿದರು.

ಉಚ್ಚಾರಣೆ

ಕ್ಲಿಂಗನ್‌ನಲ್ಲಿ 21 ವ್ಯಂಜನ, 5 ಸ್ವರ. ಅಮೆರಿಕದವರು ಇದನ್ನು ರೋಮನ್ ಅಕ್ಷರದಲ್ಲಿ ಬರೆಯುತ್ತಾರೆ. ದೊಡ್ಡಕ್ಷರಕ್ಕೆ ಒಂದು ಧ್ವನಿ, ಸಣ್ಣಕ್ಷರಕ್ಕೆ ಬೇರೆ ಧ್ವನಿ. ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಉರ್ದು ಧ್ವನಿಗೆ ಅಕ್ಷರದ ಕೆಳಗೆ ಚುಕ್ಕೆ ಇಡುತ್ತೇನೆ.

ಕ಼ : ಉರ್ದುವಿನ ಕ಼ಾಫ್. ನಾಲಿಗೆಯ ಬುಡದಿಂದ, ಕಿರುನಾಲಿಗೆಯ ಹತ್ತಿರ ಬರುವ ಕ.
ಖ಼ : ಉರ್ದುವಿನ ಖ಼ೆ, ‘ಖ಼ಬರ್’ನಲ್ಲಿ ಇರುವುದು.
ಗ಼ : ಉರ್ದುವಿನ ಗ಼ೈನ್, ‘ಗ಼ರೀಬ್’ನಲ್ಲಿ ಇರುವುದು.
ಕ಼್ಖ಼ : ಕ಼ಾಫ್ ಮತ್ತು ಖ಼ೆ ಒಂದೇ ಉಸಿರಿನಲ್ಲಿ ಸೇರಿದ್ದು.
’ : ಹಮ್‌ಜ಼ಾ. ಗಂಟಲನ್ನು ಒಂದು ಕ್ಷಣ ಮುಚ್ಚಿ ತೆರೆಯುವುದು.
ಡ ಮತ್ತು ಷ : ಕನ್ನಡದವೇ. ನಾಲಿಗೆ ಮೇಲಕ್ಕೆ ಮಡಚಬೇಕು. ಶ ಮತ್ತು ಷ ಎರಡನ್ನೂ ಒಂದೇ ರೀತಿ ಹೇಳುವವರಿಗೆ ಇಲ್ಲಿ ಮಾಫಿ ಇಲ್ಲ.
ಙ : ವರ್ಣಮಾಲೆಯಲ್ಲಿ ಮಾತ್ರ ನೋಡಿ ಬಿಟ್ಟ ಅಕ್ಷರ. ಕ್ಲಿಂಗನ್‌ನಲ್ಲಿ ಪದ ಇದರಿಂದಲೇ ಶುರುವಾಗಬಹುದು.
ತ್ಲ : ತ ಹೇಳುವ ಹಾಗೆ ನಾಲಿಗೆ ಇಟ್ಟು, ಎರಡೂ ಪಕ್ಕದಿಂದ ಗಾಳಿ ಬಿಡಬೇಕು. ಇದೊಂದು ನಮ್ಮ ಯಾವ ಭಾಷೆಯಲ್ಲೂ ಇಲ್ಲ.

ಕ್ಲಿಂಗನ್‌ಗೆ ಆ ಭಾಷೆಯಲ್ಲಿ ‘ತ್ಲಿಙನ್’ ಎನ್ನುತ್ತಾರೆ. ಅಮೆರಿಕದ ವಿದ್ಯಾರ್ಥಿಗೆ ಮೇಲಿನ ಪಟ್ಟಿಯಲ್ಲಿ ಬಹುಪಾಲು ಹೊಸದು. ನಮಗೆ ಹೊಸದು ತ್ಲ ಒಂದೇ. ಉಳಿದವುಗಳಲ್ಲಿ ಅರ್ಧ ತಜ್ವೀದ್ ಪಾಠದಲ್ಲಿ ಬಂದಿವೆ, ಅರ್ಧ ಒಂದನೇ ತರಗತಿಯ ಕನ್ನಡ ಪುಸ್ತಕದಲ್ಲಿ ಬಂದಿವೆ.

ಒಂದು ಎಚ್ಚರಿಕೆ ಮಾತ್ರ ಬೇಕು. ನಮ್ಮ ದಖ್ಖನಿ ಉರ್ದುವಿನಲ್ಲಿ ಕ಼ಾಫ್ ಬಂದ ಕಡೆ ಖ಼ೆ ಹೇಳುವುದು ವಾಡಿಕೆ. ಕ಼ಲಮ್ ನಮ್ಮ ಬಾಯಲ್ಲಿ ಖ಼ಲಮ್ ಆಗುತ್ತದೆ. ಕ್ಲಿಂಗನ್‌ನಲ್ಲಿ ‘ಪುಕ಼್’ ಎಂದರೆ ಮಗು, ‘ಪುಖ಼್’ ಎಂದರೆ ಜಮೀನು. ದಖ್ಖನಿ ಮಾತಿನ ರೂಢಿಯಲ್ಲೇ ಹೇಳಿದರೆ ಮಗುವನ್ನು ಎತ್ತಿಕೊಳ್ಳುವ ಬದಲು ಜಮೀನನ್ನು ಎತ್ತಿಕೊಳ್ಳಬೇಕಾಗುತ್ತದೆ.

ವಾಕ್ಯದ ಕ್ರಮ

ಕನ್ನಡದಲ್ಲೂ ಉರ್ದುವಿನಲ್ಲೂ ಕ್ರಮ ಒಂದೇ: ಕರ್ತೃ, ಕರ್ಮ, ಕ್ರಿಯೆ. ‘ವಿದ್ಯಾರ್ಥಿ ಪುಸ್ತಕ ಓದುತ್ತಾನೆ.’ ಇಂಗ್ಲಿಷಿನಲ್ಲಿ ಕರ್ತೃ, ಕ್ರಿಯೆ, ಕರ್ಮ. ಕ್ಲಿಂಗನ್‌ನಲ್ಲಿ ಎಲ್ಲ ತಿರುವುಮುರುವು: ಕರ್ಮ, ಕ್ರಿಯೆ, ಕರ್ತೃ.

ಪಕ಼್ ಲಡ್ ಗ಼ೊಜ್‌ವಿ’.
(ಪುಸ್ತಕ – ಓದು – ವಿದ್ಯಾರ್ಥಿ) ವಿದ್ಯಾರ್ಥಿ ಪುಸ್ತಕ ಓದುತ್ತಾನೆ.

ಈ ಕ್ರಮ ಭೂಮಿಯ ಭಾಷೆಗಳಲ್ಲಿ ಬಹಳ ಅಪರೂಪ. ಬ್ರೆಜಿಲ್‌ನ ಅಮೆಜಾನ್ ಕಾಡಿನ ಹಿಷ್ಕರ್ಯಾನಾ ಭಾಷೆ ಇದಕ್ಕೆ ಪ್ರಸಿದ್ಧ ಉದಾಹರಣೆ. ಅಪರೂಪ ಎಂಬ ಕಾರಣಕ್ಕೇ ಓಕ್ರಾಂಡ್ ಅದನ್ನು ಆರಿಸಿಕೊಂಡರು.

ಕ್ರಮ ಬದಲಾದರೆ ಏನಾಗುತ್ತದೆ ನೋಡಿ. ‘ಖ಼ೊಡ್’ ಎಂದರೆ ಹಡಗಿನ ಕ್ಯಾಪ್ಟನ್. ‘ಲೆಗ಼್’ ಎಂದರೆ ನೋಡು.

ಪುಕ಼್ ಲೆಗ಼್ ಖ಼ೊಡ್. ಕ್ಯಾಪ್ಟನ್ ಮಗುವನ್ನು ನೋಡುತ್ತಾನೆ.
ಖ಼ೊಡ್ ಲೆಗ಼್ ಪುಕ಼್. ಮಗು ಕ್ಯಾಪ್ಟನ್‌ನನ್ನು ನೋಡುತ್ತದೆ.

ಕ್ಲಿಂಗನ್‌ನಲ್ಲಿ ಯಾರು ಯಾರನ್ನು ನೋಡಿದರು ಎಂದು ಹೇಳುವುದು ಪದಗಳ ಜಾಗ. ಕನ್ನಡದಲ್ಲಿ ಆ ಕೆಲಸ ಮಾಡುವುದು ‘ಅನ್ನು’ ಎಂಬ ಸಣ್ಣ ಪ್ರತ್ಯಯ. ‘ಮಗುವನ್ನು ಕ್ಯಾಪ್ಟನ್ ನೋಡಿದ’, ‘ಕ್ಯಾಪ್ಟನ್ ನೋಡಿದ ಮಗುವನ್ನು’, ‘ನೋಡಿದ ಕ್ಯಾಪ್ಟನ್ ಮಗುವನ್ನು’, ಹೇಗೆ ಹೇಳಿದರೂ ನೋಡಿದವನು ಕ್ಯಾಪ್ಟನ್ನೇ. ದ್ವಿತೀಯಾ ವಿಭಕ್ತಿ ಎಂದು ಬಾಯಿಪಾಠ ಮಾಡಿದ್ದರ ಉಪಯೋಗ ಇದು. ಅದು ಪದಗಳಿಗೆ ಓಡಾಡುವ ಸ್ವಾತಂತ್ರ್ಯ ಕೊಡುತ್ತದೆ. ಉರ್ದುವಿನಲ್ಲಿ ಇದೇ ಕೆಲಸವನ್ನು ‘ಕೋ’ ಮಾಡುತ್ತದೆ.

ನಾಮಪದ

ಕ್ಲಿಂಗನ್‌ನಲ್ಲಿ ನಾಮಪದಕ್ಕೆ ಹಿಂದಿನಿಂದ ಪ್ರತ್ಯಯಗಳು ಅಂಟುತ್ತವೆ. ಅವುಗಳಲ್ಲಿ ಐದು ಗುಂಪು, ಮತ್ತು ಗುಂಪುಗಳ ಕ್ರಮ ತಪ್ಪುವಂತಿಲ್ಲ. ಮುಖ್ಯವಾದ ಮೂರನ್ನು ನೋಡೋಣ.

ಮೊದಲನೆಯದು ಬಹುವಚನ. ಮಾತಾಡಬಲ್ಲ ಜೀವಿಗಳಿಗೆ ‘ಪು’’, ದೇಹದ ಭಾಗಗಳಿಗೆ ‘ಡು’’, ಉಳಿದ ಎಲ್ಲಕ್ಕೆ ‘ಮೆಯ್’.

ಪುಕ಼್‌ಪು’ : ಮಕ್ಕಳು
ಕ಼ಮ್‌ಡು’ : ಪಾದಗಳು
ಪಕ಼್‌ಮೆಯ್ : ಪುಸ್ತಕಗಳು

ಇದು ವಿಚಿತ್ರ ಅನ್ನಿಸಿದರೆ ಕನ್ನಡ ನೋಡಿ. ‘ಹುಡುಗ’ ಹುಡುಗರು ಆಗುತ್ತಾನೆ, ‘ಪುಸ್ತಕ’ ಪುಸ್ತಕಗಳು ಆಗುತ್ತದೆ. ಹುಡುಗರು ಬಂದರು, ನಾಯಿಗಳು ಬಂದವು. ಮನುಷ್ಯರಿಗೊಂದು, ಉಳಿದವಕ್ಕೊಂದು. ಕ್ಲಿಂಗನ್ ಗೆರೆ ಎಳೆಯುವುದು ‘ಮಾತು ಬರುತ್ತದೆಯೇ’ ಎಂಬಲ್ಲಿ, ಕನ್ನಡ ಎಳೆಯುವುದು ‘ಮನುಷ್ಯನೇ’ ಎಂಬಲ್ಲಿ. ಉರ್ದುವಿನ ಲೆಕ್ಕ ಬೇರೆ. ಅಲ್ಲಿ ಕಿತಾಬ್ ಹೆಣ್ಣು, ಕ಼ಲಮ್ ಗಂಡು. ಪುಸ್ತಕ ಹೆಣ್ಣೋ ಗಂಡೋ ಎಂದು ಕನ್ನಡವೂ ಕೇಳುವುದಿಲ್ಲ, ಕ್ಲಿಂಗನ್ನೂ ಕೇಳುವುದಿಲ್ಲ. ಮನೆಯಲ್ಲಿ ಉರ್ದು ಆಡಿ ಬೆಳೆದವರು ಕನ್ನಡಕ್ಕೆ ಬಂದಾಗ ಒಂದು ದೊಡ್ಡ ಭಾರ ಇಳಿಯುತ್ತದೆ. ಅದನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಎರಡನೆಯದು ‘ನನ್ನ’, ‘ನಿನ್ನ’ ಎಂಬ ಪ್ರತ್ಯಯಗಳು. ನನ್ನ ಪುಸ್ತಕ ‘ಪಕ಼್‌ವಿಜ್’. ಆದರೆ ನನ್ನ ಗೆಳೆಯ ‘ಜುಪ್‌ವಿ’’. ಮಾತಾಡಬಲ್ಲವರಿಗೆ ‘ವಿ’’, ವಸ್ತುಗಳಿಗೆ ‘ವಿಜ್’. ಗೆಳೆಯನಿಗೆ ‘ವಿಜ್’ ಹಚ್ಚಿದರೆ ವ್ಯಾಕರಣಕ್ಕೆ ತೊಂದರೆಯಿಲ್ಲ, ಗೆಳೆಯನಿಗೆ ಅವಮಾನ. ಮನೆಗೆ ಬಂದವರ ಬಗ್ಗೆ ‘ಅವರು ಬಂದರು’ ಎನ್ನುವ ಬದಲು ‘ಅದು ಬಂತು’ ಎಂದ ಹಾಗೆ.

ಮೂರನೆಯದು ನಮ್ಮ ವಿಭಕ್ತಿಗಳಂಥವು. ‘ಜುಖ಼್’ ಎಂದರೆ ಮನೆ, ‘ಖ಼ುಚ್’ ಎಂದರೆ ಹಣ.

ಜುಖ಼್‌ಡಕ಼್ : ಮನೆಯಲ್ಲಿ
ಜುಖ಼್‌ವೊ’ : ಮನೆಯಿಂದ
ಪುಕ಼್‌ವಡ್ : ಮಗುವಿಗಾಗಿ
ಖ಼ುಚ್‌ಮೊ’ : ಹಣದ ಕಾರಣದಿಂದ

ಉರ್ದುವಿನಲ್ಲಿ ‘ಘರ್ ಮೇಂ’, ‘ಘರ್ ಸೇ’ ಎಂದು ಬಿಡಿಬಿಡಿಯಾಗಿ ನಿಲ್ಲುತ್ತವೆ. ಕನ್ನಡದಲ್ಲಿ ಕ್ಲಿಂಗನ್‌ನ ಹಾಗೆ ಅಂಟಿಕೊಳ್ಳುತ್ತವೆ. ಕ್ರಮವೂ ಹಾಗೆಯೇ. ಮೊದಲು ಬಹುವಚನ, ಕೊನೆಗೆ ವಿಭಕ್ತಿ. ‘ಪುಸ್ತಕ-ಗಳ-ಲ್ಲಿ’ ಎನ್ನುತ್ತೇವೆ, ‘ಪುಸ್ತಕದಲ್ಲಿಗಳು’ ಎಂದು ಮೂರು ವರ್ಷದ ಮಗುವೂ ಹೇಳುವುದಿಲ್ಲ. ‘ನನ್ನ ಮಕ್ಕಳಿಗಾಗಿ’ ಎಂಬುದು ಕ್ಲಿಂಗನ್‌ನಲ್ಲಿ ಒಂದೇ ಪದ: ಪುಕ಼್-ಪು’-ವಿ’-ವಡ್. ಮಗು, ಬಹುವಚನ, ನನ್ನ, ಗಾಗಿ.

ಕ್ರಿಯಾಪದ

ಕನ್ನಡದ ಕ್ರಿಯಾಪದ ಯಾರು ಮಾಡಿದರು ಎಂಬುದನ್ನು ಕೊನೆಯಲ್ಲಿ ಹೇಳುತ್ತದೆ. ನೋಡುತ್ತೇನೆ, ನೋಡುತ್ತೀಯ, ನೋಡುತ್ತಾಳೆ. ಕ್ಲಿಂಗನ್ ಅದನ್ನು ಮೊದಲಲ್ಲೇ ಹೇಳುತ್ತದೆ. ಯಾರು ಎಂಬುದರ ಜೊತೆಗೆ ಯಾರನ್ನು ಎಂಬುದನ್ನೂ ಹೇಳುತ್ತದೆ.

ಜಿಗ಼ೊಜ್ : ನಾನು ಕಲಿಯುತ್ತೇನೆ
ಬಿಗ಼ೊಜ್ : ನೀನು ಕಲಿಯುತ್ತೀಯ
ವಿಲೆಗ಼್ : ನಾನು ಅದನ್ನು ನೋಡುತ್ತೇನೆ
ಕ಼ಲೆಗ಼್ : ನಾನು ನಿನ್ನನ್ನು ನೋಡುತ್ತೇನೆ
ಚೊಲೆಗ಼್ : ನೀನು ನನ್ನನ್ನು ನೋಡುತ್ತೀಯ
ಮುಲೆಗ಼್ : ಅವನು ಅಥವಾ ಅವಳು ನನ್ನನ್ನು ನೋಡುತ್ತಾರೆ

ಇಂಥ ಪೂರ್ವಪ್ರತ್ಯಯಗಳು ಇಪ್ಪತ್ತಕ್ಕೂ ಹೆಚ್ಚು ಇವೆ. ನಮಗೆ ಕಷ್ಟವಾಗುವುದು ಒಂದು ಕಡೆ. ಕ್ಲಿಂಗನ್‌ನಲ್ಲಿ ‘ವ’ ಎರಡು. ಕೆಳದುಟಿ ಹಲ್ಲಿಗೆ ತಾಗಿಸಿ ಹೇಳಿದ ‘ವಿಲೆಗ಼್’ ಎಂದರೆ ನಾನು ನೋಡುತ್ತೇನೆ. ತುಟಿ ಉರುಟು ಮಾಡಿ ಹೇಳಿದ ‘ವಿಲೆಗ಼್’ ಎಂದರೆ ನಾವು ನೋಡುತ್ತೇವೆ. ಕನ್ನಡಕ್ಕೂ ಉರ್ದುವಿಗೂ ಎರಡೂ ಒಂದೇ ಅಕ್ಷರ. ‘ನಾನು’ ಮತ್ತು ‘ನಾವು’ ನಡುವಿನ ವ್ಯತ್ಯಾಸ ತುಟಿಯಲ್ಲಿದೆ.

ಕ್ರಿಯಾಪದದ ಹಿಂದೆ ಒಂಬತ್ತು ಗುಂಪಿನ ಪ್ರತ್ಯಯಗಳು ಬರಬಹುದು. ‘ಲಖ಼್’ ಎಂದರೆ ಸಾಧ್ಯ. ‘ಮೊಖ಼್’ ಎಂದರೆ ಮಾಡಿಸು. ‘ವಿ’’ ಎಂದರೆ ಮಾಡುವವನು. ಇವುಗಳ ಜೊತೆಗೆ ‘ಬೆ’’ ಎಂಬ ನಿಷೇಧವೂ ಇದೆ. ಅದು ಯಾವ ಗುಂಪಿಗೂ ಸೇರದೆ, ಯಾವುದನ್ನು ಅಲ್ಲ ಎನ್ನಬೇಕೋ ಅದರ ಹಿಂದೆ ಬಂದು ನಿಲ್ಲುತ್ತದೆ.

ಗ಼ೊಜ್ : ಕಲಿ
ಗ಼ೊಜ್‌ವಿ’ : ಕಲಿಯುವವನು, ವಿದ್ಯಾರ್ಥಿ
ಗ಼ೊಜ್‌ಮೊಖ಼್ : ಕಲಿಸು
ಗ಼ೊಜ್‌ಮೊಖ಼್‌ವಿ’ : ಕಲಿಸುವವನು, ಶಿಕ್ಷಕ
ಜಿಗ಼ೊಜ್‌ಲಖ಼್‌ಬೆ’ : ನಾನು ಕಲಿಯಲಾರೆ

ಕನ್ನಡದ ‘ಕಲಿ’ಗೆ ‘ಇಸು’ ಸೇರಿ ‘ಕಲಿಸು’ ಆಗುವುದೂ, ಕ್ಲಿಂಗನ್‌ನ ‘ಗ಼ೊಜ್’ಗೆ ‘ಮೊಖ಼್’ ಸೇರುವುದೂ ಒಂದೇ ಲೆಕ್ಕ. ಉರ್ದುವಿನ ‘ಸೀಖ್‌ನಾ’ ‘ಸಿಖಾನಾ’ ಆಗುವಾಗ ಒಳಗಿನ ಸ್ವರ ಕೂಡ ಬದಲಾಗುತ್ತದೆ. ಕೊನೆಯ ಸಾಲು ನೋಡಿ. ಇಂಗ್ಲಿಷಿನಲ್ಲಿ ಮೂರು ಪದ ಬೇಕಾದ ಮಾತನ್ನು ಕನ್ನಡ ‘ಕಲಿಯಲಾರೆ’ ಎಂದು ಒಂದೇ ಪದದಲ್ಲಿ ಮುಗಿಸುತ್ತದೆ. ಯಾರು, ಏನು, ಸಾಧ್ಯವೇ, ಇಲ್ಲವೇ, ನಾಲ್ಕೂ ಅದರೊಳಗಿವೆ.

ಈ ಪ್ರತ್ಯಯಗಳಲ್ಲಿ ನನಗೆ ಇಷ್ಟವಾದದ್ದು ‘ವಿಪ್’. ಅರ್ಥ, ‘ಮಾಡಲು ಹೆದರು’. ‘ಬಿಗ಼ೊಜ್‌ವಿಪ್’ ಎಂದರೆ ನೀನು ಕಲಿಯಲು ಹೆದರುತ್ತೀಯ. ‘ಜಿಗ಼ೊಜ್‌ವಿಪ್’ ಎಂದರೆ ನಾನು ಕಲಿಯಲು ಹೆದರುತ್ತೇನೆ. ಎರಡನೆಯದು ವ್ಯಾಕರಣದ ಪ್ರಕಾರ ಸರಿ. ಆದರೆ ಯಾವ ಕ್ಲಿಂಗನ್ನನೂ ಹಾಗೆ ಹೇಳುವುದಿಲ್ಲ. ‘ನಾನು’, ‘ನಾವು’ ಎಂಬುದರ ಜೊತೆ ‘ವಿಪ್’ ಸೇರಿಸುವುದು ಅವರಲ್ಲಿ ನಿಷಿದ್ಧ ಎಂದು ನಿಘಂಟಿನಲ್ಲೇ ಇದೆ. ಯೋಧರ ಭಾಷೆ ಅಲ್ಲವೇ? ‘ಕನ್ನಡದಲ್ಲಿ ಮಾತಾಡೋಕೆ ಭಯ’ ಎಂಬ ನಮ್ಮ ಮಾಮೂಲು ವಾಕ್ಯವನ್ನು ಕ್ಲಿಂಗನ್‌ಗೆ ಅನುವಾದ ಮಾಡಿದರೆ ಹೇಳಲು ನಾಚಿಕೆಯಾಗುವಂಥ ವಾಕ್ಯ ಸಿಗುತ್ತದೆ.

ಇಲ್ಲದೆ ಇರುವುವು

ಕ್ಲಿಂಗನ್‌ನಲ್ಲಿ ಇಂಗ್ಲಿಷಿನ ಆ್ಯಮ್, ಈಸ್, ಆರ್ ಇಲ್ಲ. ‘ನಾನು ವಿದ್ಯಾರ್ಥಿ’ ಎನ್ನಲು ‘ಗ಼ೊಜ್‌ವಿ’ ಜಿಖ಼್’ ಎಂದರೆ ಸಾಕು. ವಿದ್ಯಾರ್ಥಿ, ನಾನು. ಅಮೆರಿಕದವರಿಗೆ ಇದು ಬೇರೆ ಗ್ರಹದ ವಿಚಿತ್ರ. ಕನ್ನಡದವರಿಗೆ ದಿನದ ಮಾತು. ಉರ್ದುವಿನಲ್ಲಿ ಮಾತ್ರ ‘ಮೈಂ ತಾಲಿಬ್-ಎ-ಇಲ್ಮ್ ಹೂಂ’ ಎಂದು ‘ಹೂಂ’ ಬೇಕೇ ಬೇಕು. ಉರ್ದು ಮನೆಯವರು ಕನ್ನಡ ಆಡುವಾಗ ‘ನಾನು ವಿದ್ಯಾರ್ಥಿ ಇದ್ದೇನೆ’ ಎಂದು ಕೆಲವೊಮ್ಮೆ ಹೇಳುವುದು ಇದೇ ಕಾರಣಕ್ಕೆ. ದಡ್ಡತನ ಅಲ್ಲ, ಒಂದು ಭಾಷೆಯ ನಿಯಮ ಇನ್ನೊಂದರೊಳಗೆ ಬಂದು ಕೂತದ್ದು. ಕಾರಣ ಗೊತ್ತಾದರೆ ತಿದ್ದಿಕೊಳ್ಳುವುದಕ್ಕೆ ಒಂದು ನಿಮಿಷ ಸಾಕು.

ಈ ‘ಇಲ್ಲ’ದಿಂದ ಓಕ್ರಾಂಡ್ ಅವರಿಗೇ ಕಷ್ಟ ಬಂತು. 1991ರ ಸ್ಟಾರ್ ಟ್ರೆಕ್ ಸಿನಿಮಾದಲ್ಲಿ ಕ್ಲಿಂಗನ್ ಪಾತ್ರವೊಂದು ಶೇಕ್ಸ್‌ಪಿಯರ್‌ನನ್ನು ಮೂಲ ಕ್ಲಿಂಗನ್ ಭಾಷೆಯಲ್ಲಿ ಓದಬೇಕು ಎಂದು ತಮಾಷೆ ಮಾಡುತ್ತದೆ. ಆಮೇಲೆ ಹ್ಯಾಮ್ಲೆಟ್‌ನ ಪ್ರಸಿದ್ಧ ಸ್ವಗತದ ಸಾಲು ಕ್ಲಿಂಗನ್‌ನಲ್ಲಿ ಬೇಕಾಯಿತು. ಆ ಸಾಲು ನಿಂತಿರುವುದೇ ಇಲ್ಲದ ಆ ಕ್ರಿಯಾಪದದ ಮೇಲೆ. ಕೊನೆಗೆ ‘ಮುಂದುವರಿ’ ಎಂಬ ಅರ್ಥದ ‘ತಖ಼್’ ಧಾತುವಿನಿಂದ ಕೆಲಸ ಸಾಗಿತು. 1996ರಲ್ಲಿ ಇಡೀ ಹ್ಯಾಮ್ಲೆಟ್ ನಾಟಕ ಕ್ಲಿಂಗನ್‌ನಲ್ಲಿ ಪುಸ್ತಕವಾಯಿತು. 2010ರಲ್ಲಿ ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿ ಕ್ಲಿಂಗನ್ ಭಾಷೆಯ ಒಂದು ಒಪೆರಾ ಕೂಡ ನಡೆಯಿತು.

ಕಾಲವಾಚಕ ಪ್ರತ್ಯಯವೂ ಇಲ್ಲ. ‘ನೋಡಿದ’, ‘ನೋಡುತ್ತಾನೆ’, ‘ನೋಡುವನು’ ಎಂಬ ಭೇದ ಕ್ರಿಯಾಪದದಲ್ಲಿ ಕಾಣುವುದಿಲ್ಲ. ಕೆಲಸ ಮುಗಿದಿದೆಯೇ, ನಡೆಯುತ್ತಿದೆಯೇ ಎಂದು ಮಾತ್ರ ಹೇಳಬಹುದು. ಯಾವಾಗ ಎಂಬುದನ್ನು ಬೇರೆ ಪದ ಹೇಳಬೇಕು. ಆ ಪದಗಳು ಲೆಕ್ಕದ ಹಾಗೆ ಇವೆ. ‘ಲೆಷ್’ ಎಂದರೆ ಮುಂದಿನ ದಿನಗಳು, ‘ಖ಼ು’’ ಎಂದರೆ ಹಿಂದಿನ ದಿನಗಳು. ‘ವ’’ ಎಂದರೆ ಒಂದು.

ವ’ಲೆಷ್ : ನಾಳೆ
ವ’ಖ಼ು’ : ನಿನ್ನೆ
ಚ’ಲೆಷ್ : ನಾಡಿದ್ದು
ಚ’ಖ಼ು’ : ಮೊನ್ನೆ

ಉರ್ದುವಿನ ‘ಕಲ್’ ನಿನ್ನೆಯೂ ಹೌದು, ನಾಳೆಯೂ ಹೌದು. ‘ಕಲ್ ದೇತಾ ಹೂಂ’ ಎಂದ ಸಾಲಗಾರನ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಕ್ಲಿಂಗನ್ನಿಗೆ ಮೂವತ್ತು ದಿನದ ಉದ್ದರಿ ಕೊಟ್ಟರೆ ಅವನು ಹೇಳುವ ಗಡುವು ಒಂದೇ ಪದ: ವೆಜ್‌ಮಖ಼್‌ಲೆಷ್, ಮೂವತ್ತನೇ ದಿನ.

‘ನಮಸ್ಕಾರ’, ‘ಸಲಾಂ’ ಕೂಡ ಇಲ್ಲ. ಎದುರು ಸಿಕ್ಕವರಿಗೆ ‘ನುಕ಼್‌ನೆಖ಼್’ ಎನ್ನುತ್ತಾರೆ. ಅದರ ಅರ್ಥ ‘ನಿನಗೇನು ಬೇಕು?’ ನಾವು ಶಾಂತಿ ಕೋರಿ ಮಾತು ಶುರುಮಾಡುತ್ತೇವೆ, ಅವರು ನೇರ ವಿಷಯಕ್ಕೆ ಬರುತ್ತಾರೆ. ನಮ್ಮ ಕ್ಯಾಂಟೀನಿನಲ್ಲಿ ಮಧ್ಯಾಹ್ನ ಒಂದು ಗಂಟೆಗೆ ಎರಡನೆಯದೇ ಹೆಚ್ಚು ಕೇಳಿಸುತ್ತದೆ.

ಸಂಖ್ಯೆ ಮತ್ತು ವ್ಯಾಪಾರ

ಒಂದರಿಂದ ಹತ್ತು: ವ’, ಚ’, ವೆಜ್, ಲೊಷ್, ವಗ಼್, ಜವ್, ಷೊಚ್, ಚೊರ್ಗ಼್, ಖ಼ುತ್, ವ’ಮಖ಼್. ‘ಮಖ಼್’ ಎಂದರೆ ಹತ್ತು, ‘ವತ್ಲ್’ ನೂರು, ‘ಷಡ್’ ಸಾವಿರ. 2,345 ಎಂಬುದು ‘ಚ’ಷಡ್ ವೆಜ್‌ವತ್ಲ್ ಲೊಷ್‌ಮಖ಼್ ವಗ಼್’. ಎರಡು ಸಾವಿರ, ಮೂರು ನೂರು, ನಾಲ್ಕು ಹತ್ತು, ಐದು. ಹತ್ತು ಅಂಕಿ ಕಲಿತರೆ ಎಲ್ಲ ಬಂದ ಹಾಗೆ. ಕನ್ನಡವೂ ‘ನಲವತ್ತೈದು’ ಎಂದು ನಲವತ್ತಕ್ಕೆ ಐದನ್ನು ಕಾಣುವ ಹಾಗೆ ಸೇರಿಸುತ್ತದೆ. ಉರ್ದುವಿನಲ್ಲಿ ‘ಪೈಂತಾಲೀಸ್’, ‘ಉನ್ಸಠ್’, ‘ಉನ್ಹತ್ತರ್’ ಎಂದು ನೂರರವರೆಗೆ ಒಂದೊಂದನ್ನೂ ಬಾಯಿಪಾಠ ಮಾಡಬೇಕು.

ಕಾಮರ್ಸ್ ವಿದ್ಯಾರ್ಥಿಗಳಿಗೆ ಒಂದು ಖುಷಿಯ ಸುದ್ದಿ. ಲಕ್ಷಕ್ಕೆ ಇಂಗ್ಲಿಷಿನಲ್ಲಿ ‘ಹಂಡ್ರೆಡ್ ಥೌಸಂಡ್’ ಎನ್ನಬೇಕು. ಕ್ಲಿಂಗನ್‌ನಲ್ಲಿ ನಮ್ಮ ಹಾಗೆ ಒಂದೇ ಪದ ಇದೆ: ‘ಬಿಪ್’. ಇನ್ನು ಅಂಗಡಿಗೆ ಬೇಕಾದ ಪದಗಳು:

ಷುಯ್ : ವ್ಯಾಪಾರಿ
ಜೆ’ : ಕೊಂಡುಕೊ
ಙೆವ್ : ಮಾರು
ಡಿಲ್ : ಬೆಲೆ ಕೊಡು
ನೊಜ್ : ಸಾಲ ಕೊಡು
ಙಿಪ್ : ಸಾಲ ತೆಗೆದುಕೊ

ಪಕ಼್ ಙೆವ್ ಷುಯ್. ವ್ಯಾಪಾರಿ ಪುಸ್ತಕ ಮಾರುತ್ತಾನೆ.
ಪುಕ಼್‌ವಡ್ ಪಕ಼್ ಜೆ’ ಗ಼ೊಜ್‌ಮೊಖ಼್‌ವಿ’. ಶಿಕ್ಷಕರು ಮಗುವಿಗಾಗಿ ಪುಸ್ತಕ ಕೊಳ್ಳುತ್ತಾರೆ.

ಪದಕೋಶದಲ್ಲಿ ತಮಾಷೆಯೂ ಇದೆ. ಕಾಫಿಗೆ ‘ಕ಼’ವಿನ್’ ಎನ್ನುತ್ತಾರೆ. ಮೀನಿಗೆ ‘ಗ಼ೊತಿ’’. ಇಂಗ್ಲಿಷ್ ಕಾಗುಣಿತವನ್ನು ಗೇಲಿ ಮಾಡಲು ಜಿ-ಎಚ್-ಒ-ಟಿ-ಐ ಎಂದು ಬರೆದು ‘ಫಿಶ್’ ಎಂದು ಓದಬಹುದು ಎಂಬ ಹಳೆಯ ಜೋಕೊಂದು ಇದೆ. ‘ಲಾಫ್’ನ ಕೊನೆಯ ಧ್ವನಿ, ‘ವಿಮೆನ್’ನ ಮೊದಲ ಸ್ವರ, ‘ನೇಷನ್’ನ ನಡುವಿನ ಧ್ವನಿ. ಓಕ್ರಾಂಡ್ ಅದನ್ನೇ ಎತ್ತಿ ಮೀನಿನ ಹೆಸರು ಮಾಡಿದರು.

ಭಾಷೆ ಬದುಕುವುದು ಎಲ್ಲಿ

ಓಕ್ರಾಂಡ್ ಬಗ್ಗೆ ಇನ್ನೊಂದು ವಿಷಯ ಹೇಳದಿದ್ದರೆ ಪಾಠ ಅಪೂರ್ಣ. 1977ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅವರು ಪಿಎಚ್‌ಡಿ ಪಡೆದದ್ದು ಮುತ್ಸುನ್ ಭಾಷೆಯ ವ್ಯಾಕರಣದ ಮೇಲೆ. ಅದು ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಭಾಷೆ. ಅದನ್ನು ಚೆನ್ನಾಗಿ ಬಲ್ಲ ಕೊನೆಯ ಮಹಿಳೆ 1930ರಲ್ಲಿ ತೀರಿಕೊಂಡರು. ಓಕ್ರಾಂಡ್‌ಗೆ ಸಿಕ್ಕಿದ್ದು ಹಿಂದಿನವರು ಬರೆದಿಟ್ಟ ಟಿಪ್ಪಣಿಗಳು ಮಾತ್ರ. ಸಾವಿರಾರು ವರ್ಷ ಮನೆಗಳಲ್ಲಿ, ಅಡುಗೆಯ ಒಲೆಯ ಮುಂದೆ ಆಡಿದ ಭಾಷೆಗೆ ಆಡುವವರು ಇಲ್ಲವಾದರು. ಅದರ ವ್ಯಾಕರಣ ಬರೆದವರೇ ಆಮೇಲೆ ಸಿನಿಮಾಕ್ಕಾಗಿ ಕಟ್ಟಿದ ಭಾಷೆಗೆ ಜಗತ್ತಿನ ತುಂಬ ವಿದ್ಯಾರ್ಥಿಗಳು ಸಿಕ್ಕರು.

ಹಾಗಾದರೆ ಕ್ಲಿಂಗನ್ ಬದುಕಿರುವ ಭಾಷೆಯೇ? ಅಮೆರಿಕದ ಒಬ್ಬ ಭಾಷಾತಜ್ಞರು ತಮ್ಮ ಮಗನ ಜೊತೆ ಅವನು ಹುಟ್ಟಿದ ಮೊದಲ ಕೆಲವು ವರ್ಷ ಕ್ಲಿಂಗನ್‌ನಲ್ಲೇ ಮಾತಾಡಿ ನೋಡಿದರು. ತಾಯಿ ಇಂಗ್ಲಿಷ್ ಆಡುತ್ತಿದ್ದರು. ಮಗುವಿಗೆ ಕ್ಲಿಂಗನ್ ಅರ್ಥವಾಗುತ್ತಿತ್ತು. ಆದರೆ ಮಗುವಿನ ಸುತ್ತ ದಿನವೂ ಇರುವ ಎಷ್ಟೋ ವಸ್ತುಗಳಿಗೆ ಆ ಭಾಷೆಯಲ್ಲಿ ಪದವೇ ಇರಲಿಲ್ಲ, ಅದನ್ನು ಆಡುವ ಬೇರೆ ಮಕ್ಕಳೂ ಇರಲಿಲ್ಲ. ಮಗ ಕ್ಲಿಂಗನ್ ಬಿಟ್ಟು ಇಂಗ್ಲಿಷಿಗೆ ಹೋದ. ಇತ್ತ ಮುತ್ಸುನ್ ಜನರ ಇಂದಿನ ತಲೆಮಾರಿನವರು ಆ ಹಳೆಯ ಟಿಪ್ಪಣಿಗಳನ್ನು, ವ್ಯಾಕರಣವನ್ನು, ನಿಘಂಟನ್ನು ಹಿಡಿದು ತಮ್ಮ ಭಾಷೆಯನ್ನು ಮತ್ತೆ ಕಲಿಯುತ್ತಿದ್ದಾರೆ.

ಇವೆರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಲೆಕ್ಕ ಸರಳ. ವ್ಯಾಕರಣ ಪುಸ್ತಕದಲ್ಲಿದ್ದರೆ ಭಾಷೆ ಉಳಿಯುತ್ತದೆ, ಬಾಯಲ್ಲಿದ್ದರೆ ಮಾತ್ರ ಬದುಕುತ್ತದೆ. ಕ್ಲಿಂಗನ್‌ಗೆ ಮನೆ ಇಲ್ಲ. ಮುತ್ಸುನ್‌ಗೆ ಮನೆ ಇತ್ತು, ತಪ್ಪಿಹೋಯಿತು. ನಮಗೆ ಎರಡು ಭಾಷೆಗಳು ಬದುಕಿರುವ ಸ್ಥಿತಿಯಲ್ಲೇ ಸಿಕ್ಕಿವೆ. ಒಂದು ಅಮ್ಮಿ ಕೊಟ್ಟದ್ದು, ಇನ್ನೊಂದು ಬೀದಿ ಮತ್ತು ಶಾಲೆ ಕೊಟ್ಟದ್ದು. ಉರ್ದು ಚೆನ್ನಾಗಿ ಬರಬೇಕಾದರೆ ಕನ್ನಡ ಕಡಿಮೆ ಆಡಬೇಕು, ಕನ್ನಡ ಚೆನ್ನಾಗಿ ಬರಬೇಕಾದರೆ ಉರ್ದುವನ್ನು ಮುಚ್ಚಿಡಬೇಕು ಎಂಬುದು ಸುಳ್ಳು. ಕ಼ಾಫ್ ಮತ್ತು ಷ ಎರಡೂ ಬರುವ ಬಾಯಿ ಬರಿ ಒಂದು ಬರುವ ಬಾಯಿಗಿಂತ ಶ್ರೀಮಂತ. ಇದು ಬ್ಯಾಲೆನ್ಸ್ ಶೀಟಿನಲ್ಲಿ ನಾವು ಬರೆಯಲು ಮರೆತ ಆಸ್ತಿ.

ಅಭ್ಯಾಸ

ಕನ್ನಡಕ್ಕೆ ಅನುವಾದಿಸಿ:
1. ಪುಕ಼್ ಲೆಗ಼್ ಷುಯ್.
2. ಜುಖ಼್‌ಡಕ಼್ ಪಕ಼್ ಲಡ್ ಗ಼ೊಜ್‌ವಿ’.
3. ಕ಼ಲೆಗ಼್‌ಲಖ಼್‌ಬೆ’.

ಕ್ಲಿಂಗನ್‌ಗೆ ಅನುವಾದಿಸಿ:
4. ವಿದ್ಯಾರ್ಥಿ ಹಣ ಸಾಲ ತೆಗೆದುಕೊಳ್ಳುತ್ತಾನೆ.
5. ನೀನು ಕಲಿಯಲು ಹೆದರುವುದಿಲ್ಲ.

ಉತ್ತರ: 1. ವ್ಯಾಪಾರಿ ಮಗುವನ್ನು ನೋಡುತ್ತಾನೆ. 2. ವಿದ್ಯಾರ್ಥಿ ಮನೆಯಲ್ಲಿ ಪುಸ್ತಕ ಓದುತ್ತಾನೆ. 3. ನಾನು ನಿನ್ನನ್ನು ನೋಡಲಾರೆ. 4. ಖ಼ುಚ್ ಙಿಪ್ ಗ಼ೊಜ್‌ವಿ’. 5. ಬಿಗ಼ೊಜ್‌ವಿಪ್‌ಬೆ’.

ಐದನೆಯದನ್ನು ಗಟ್ಟಿಯಾಗಿ ಓದಿ. ಆಮೇಲೆ ಅದೇ ಮಾತನ್ನು ಪಕ್ಕದಲ್ಲಿ ಕುಳಿತವರಿಗೆ ಕನ್ನಡದಲ್ಲಿ ಹೇಳಿ.